ಶಾಲೆಗೆ ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ

ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಂದ ನನಗೆ ಬರುವ ಫೋನ್‌ಗಳಲ್ಲಿ ಜಾಸ್ತಿ ಕೇಳುವ ಮಾತು ಇದು. "ಮಗ ಎರಡನೇ ಕ್ಲಾಸು. ಅಕ್ಷರ ಕೂಡಿಸಿ ಓದೋಕೆ ಬರ್ತಿಲ್ಲ. ಸೆಪ್ಟೆಂಬರ್‌ನಿಂದ ಟೀಚರ್‌ಗೆ ಹೇಳ್ತಾನೇ ಇದ್ದೀವಿ. ನೋಡೋಣ, ಇನ್ನೂ ಸ್ವಲ್ಪ ದಿನ ಕಾಯೋಣ ಅಂತಾರೆ. ಈಗ ಮಾರ್ಚ್ ಬಂತು." ಬರೆದು ಕೊಟ್ಟಿದ್ದೀರಾ ಅಂತ ಕೇಳುತ್ತೇನೆ. ಇಲ್ಲ, ಟೀಚರ್ ತುಂಬಾ ಒಳ್ಳೆಯವರು, ಸಿಕ್ಕಾಗಲೆಲ್ಲ ಮಾತಾಡಿದ್ದೀವಿ ಅನ್ನುತ್ತಾರೆ.

ಟೀಚರ್ ಒಳ್ಳೆಯವರೇ ಇರಬಹುದು. ಆದರೆ ಆರು ತಿಂಗಳು ಆಡಿದ ಮಾತಿಗೆ ಶಾಲೆಯ ಫೈಲಿನಲ್ಲಿ ಒಂದು ಸಾಲೂ ಇರುವುದಿಲ್ಲ.

ನಾನು ವಕೀಲೆ ಅಲ್ಲ. ವಿಶೇಷ ಶಿಕ್ಷಣ ಬೇಕಾದ ಮಕ್ಕಳ ಪೋಷಕರ ಪಕ್ಕದಲ್ಲಿ ಕೂತು ಶಾಲೆಯವರ ಜೊತೆ ಮಾತಾಡುವುದು ನನ್ನ ಕೆಲಸ. ನಮ್ಮವರು ಎಡವುವುದು ಎಲ್ಲಿ ಅಂತ ನೋಡಿ ನೋಡಿ ನನಗೆ ಖಾತ್ರಿಯಾಗಿದೆ. ಮೇಷ್ಟ್ರ ಎದುರು ಮಾತಾಡಬಾರದು ಅಂತ ಕಲಿತು ಬೆಳೆದವರು ನಾವು. ಕಾಗದ ಬರೆದರೆ ದೂರು ಕೊಟ್ಟ ಹಾಗಾಗುತ್ತದೆ, ಮಗುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ ಅಂತ ಹೆದರುತ್ತೇವೆ. ಇಲ್ಲಿ ಕಾಗದ ಅಂದರೆ ಜಗಳ ಅಲ್ಲ. ಅದು ದಿನನಿತ್ಯದ ಕೆಲಸ.

ಅಂಗವೈಕಲ್ಯ ಇರುವ ಮಕ್ಕಳಿಗೆ ಬೇಕಾದ ಶಿಕ್ಷಣವನ್ನು ಸರ್ಕಾರಿ ಶಾಲೆಯೇ ಉಚಿತವಾಗಿ ಕೊಡಬೇಕು ಅನ್ನುವ ಕಾನೂನು ಇಲ್ಲಿ ಬಂದದ್ದು 1975ರಲ್ಲಿ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದಾಗ. ಅದಕ್ಕೆ ಮುಂಚೆ ಅಂಗವೈಕಲ್ಯ ಇರುವ ಹತ್ತು ಲಕ್ಷ ಮಕ್ಕಳು ಸರ್ಕಾರಿ ಶಾಲೆಯ ಹೊರಗೇ ಉಳಿದಿದ್ದಾರೆ ಅಂತ ಅಮೆರಿಕದ ಸಂಸತ್ತೇ ಆ ಕಾನೂನಿನಲ್ಲಿ ಬರೆದುಕೊಂಡಿತ್ತು. 1990ರಲ್ಲಿ ಅದಕ್ಕೆ ಐಡಿಇಎ (ಅಂಗವೈಕಲ್ಯ ಇರುವವರ ಶಿಕ್ಷಣ ಕಾಯ್ದೆ) ಅಂತ ಹೊಸ ಹೆಸರು ಬಂತು. ಇವತ್ತು 75 ಲಕ್ಷಕ್ಕೂ ಹೆಚ್ಚು ಮಕ್ಕಳು, ಅಂದರೆ ಸರ್ಕಾರಿ ಶಾಲೆಗೆ ಹೋಗುವವರಲ್ಲಿ 100ಕ್ಕೆ ಹದಿನೈದು ಮಂದಿ, ಇದರಡಿ ಸಹಾಯ ಪಡೆಯುತ್ತಿದ್ದಾರೆ. ಓದು ಹತ್ತದವರು, ಮಾತು ತಡವಾದವರು, ಆಟಿಸಂ ಇರುವವರು, ಕಿವಿ ಕೇಳದವರು, ಎಲ್ಲರೂ ಇದ್ದಾರೆ. ನಿಮ್ಮ ಮಗು ಒಂಟಿ ಅಲ್ಲ, ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹಾಗಾದರೆ ಶಾಲೆಯವರು ಯಾಕೆ ಎಳೆದಾಡುತ್ತಾರೆ? ದುಡ್ಡು. ಇಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್ ಅಂದರೆ ನಮ್ಮ ತುಮಕೂರು ಜಿಲ್ಲೆ, ಹಾಸನ ಜಿಲ್ಲೆ ಇದ್ದ ಹಾಗಲ್ಲ. ಒಂದು ಪುಟ್ಟ ಊರಿಗೇ ಒಂದು ಇರಬಹುದು. ದೇಶದಲ್ಲಿ ಇಂಥವು 13,000ದಷ್ಟಿವೆ, ಬಹುಪಾಲು ಕಡೆ ಊರವರೇ ವೋಟು ಹಾಕಿ ಆರಿಸಿದ ಮಂಡಳಿ ಇರುತ್ತದೆ, ಖರ್ಚಿನ ದೊಡ್ಡ ಪಾಲು ಊರಿನ ಮನೆಗಳ ಆಸ್ತಿ ತೆರಿಗೆಯಿಂದಲೇ ಬರಬೇಕು. ವಿಶೇಷ ಶಿಕ್ಷಣಕ್ಕೆ ಆಗುವ ಹೆಚ್ಚಿನ ಖರ್ಚಿನಲ್ಲಿ ಶೇ 40ರವರೆಗೆ ಕೊಡುತ್ತೇವೆ ಅಂತ ಕೇಂದ್ರ ಸರ್ಕಾರ ಮಾತು ಕೊಟ್ಟಿತ್ತು. ಒಂದು ವರ್ಷವೂ ಅಷ್ಟು ಕೊಟ್ಟಿಲ್ಲ. ಉಳಿದದ್ದನ್ನು ರಾಜ್ಯ ಮತ್ತು ಊರು ತುಂಬಬೇಕು. ಅದಕ್ಕೇ ಕೇಳದೆ ಏನೂ ಸಿಗುವುದಿಲ್ಲ.

ಕಾಗದ ಉದ್ದ ಇರಬೇಕಿಲ್ಲ. ಪ್ರಿನ್ಸಿಪಾಲರಿಗೆ ಮತ್ತು ಡಿಸ್ಟ್ರಿಕ್ಟಿನ ವಿಶೇಷ ಶಿಕ್ಷಣ ವಿಭಾಗಕ್ಕೆ ಒಂದೇ ಇಮೇಲ್ ಸಾಕು. ಮಗುವಿನ ಹೆಸರು, ಹುಟ್ಟಿದ ದಿನ, ತರಗತಿ. ಆಮೇಲೆ ಹೀಗೆ: "ನಮ್ಮ ಮಗನಿಗೆ ವಿಶೇಷ ಶಿಕ್ಷಣದ ಅಗತ್ಯ ಇದೆಯಾ ಅಂತ ಪೂರ್ಣ ಮೌಲ್ಯಮಾಪನ ಮಾಡಬೇಕೆಂದು ಕೋರುತ್ತೇವೆ. ಅವನು ಪದ ಬಿಡಿಸಿ ಓದಲಾರ, ಕೇಳಿ ಬರೆಯುವಾಗ ಅಕ್ಷರ ಬಿಡುತ್ತಾನೆ, ಹೋಂವರ್ಕ್‌ಗೆ ಕೂತರೆ ಅಳುತ್ತಾನೆ. ಒಪ್ಪಿಗೆ ಪತ್ರ ಕಳಿಸಿ, ಸಹಿ ಹಾಕುತ್ತೇವೆ." ತಾರೀಖು ಹಾಕಿ. ಒಂದು ನಕಲು ಇಟ್ಟುಕೊಳ್ಳಿ. ಇಷ್ಟೇ.

ಈಗ ಶಾಲೆಗೆ ಎರಡೇ ದಾರಿ. ಒಪ್ಪಬೇಕು, ಇಲ್ಲವೇ ಯಾಕೆ ಒಪ್ಪುವುದಿಲ್ಲ ಅಂತ ಕಾರಣ ಕೊಟ್ಟು ಲಿಖಿತವಾಗಿ ತಿಳಿಸಬೇಕು. ಸುಮ್ನೆ "ನೋಡೋಣ" ಅನ್ನುವ ಹಾಗಿಲ್ಲ. ನೀವು ಒಪ್ಪಿಗೆಗೆ ಸಹಿ ಹಾಕಿದ ಮೇಲೆ 60 ದಿನದೊಳಗೆ ಮೌಲ್ಯಮಾಪನ ಮುಗಿಯಬೇಕು ಅನ್ನುವುದು ಕೇಂದ್ರದ ನಿಯಮ, ಆದರೆ ರಾಜ್ಯಗಳು ತಮ್ಮದೇ ಗಡುವು ಇಟ್ಟುಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಕಾಗದ ಸಿಕ್ಕ 15 ದಿನದೊಳಗೆ ಮೌಲ್ಯಮಾಪನದ ಯೋಜನೆ ಕೈಗೆ ಕೊಡಬೇಕು. ನ್ಯೂಜೆರ್ಸಿಯಲ್ಲಿ 20 ದಿನದೊಳಗೆ ಮೀಟಿಂಗ್ ಕರೆಯಬೇಕು. ಟೆಕ್ಸಾಸ್‌ನಲ್ಲಿ ಒಪ್ಪಿಗೆ ಸಿಕ್ಕ ಮೇಲೆ ವರದಿಗೆ 45 ಶಾಲಾ ದಿನ. ರಜೆಯ ಲೆಕ್ಕ ಬೇರೆ ಇರುತ್ತದೆ, ಹಾಗಾಗಿ ಮೇ ಕೊನೆಗೆ ಬರೆಯುವುದಕ್ಕಿಂತ ಫೆಬ್ರವರಿಯಲ್ಲೇ ಬರೆಯಿರಿ.

ಕೆಲವು ಕಡೆ ಇನ್ನೊಂದು ಮಾತು ಹೇಳುತ್ತಾರೆ: "ಮೊದಲು ಕ್ಲಾಸಿನಲ್ಲೇ ಸ್ವಲ್ಪ ಹೆಚ್ಚಿನ ಪಾಠ ಕೊಟ್ಟು ನೋಡ್ತೀವಿ, ಆಮೇಲೆ ಪರೀಕ್ಷೆ." ಪಾಠ ಕೊಡಲಿ, ಒಳ್ಳೆಯದೇ. ಆದರೆ ಆ ಕಾರಣ ಹೇಳಿ ಮೌಲ್ಯಮಾಪನವನ್ನು ತಡಮಾಡುವಂತಿಲ್ಲ ಅಂತ ಕೇಂದ್ರ ಶಿಕ್ಷಣ ಇಲಾಖೆ 2011ರಲ್ಲೇ ಎಲ್ಲ ರಾಜ್ಯಗಳಿಗೂ ಬರೆದು ತಿಳಿಸಿದೆ. ಎರಡೂ ಒಟ್ಟಿಗೆ ನಡೆಯಬಹುದು.

ಇನ್ನು ಮನೆಯಲ್ಲಿ ಕನ್ನಡ ಮಾತಾಡುವ ವಿಷಯ. ಇದು ನನಗೆ ನೋವಾಗುವ ಜಾಗ. ಮೂರು ವರ್ಷದ ಮಗುವಿಗೆ ಮಾತು ತಡವಾದರೆ "ಎರಡು ಭಾಷೆಯಿಂದ ಗೊಂದಲ, ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ" ಅಂತ ಈಗಲೂ ಸಲಹೆ ಕೊಡುವವರಿದ್ದಾರೆ. ಎರಡು ಭಾಷೆ ಕೇಳುವುದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ. ಆ ಸಲಹೆ ನಂಬಿ ಮನೆಯಲ್ಲಿ ಕನ್ನಡ ನಿಲ್ಲಿಸಿದರೆ, ಮಗು ಅಜ್ಜಿಯ ಜೊತೆ ಆಡುತ್ತಿದ್ದ ನಾಲ್ಕು ಮಾತೂ ಹೋಗುತ್ತದೆ, ತೊಂದರೆ ಮಾತ್ರ ಹಾಗೇ ಉಳಿಯುತ್ತದೆ. ಕಾನೂನು ಇಲ್ಲಿ ಎರಡು ಕಡೆಯಿಂದಲೂ ಕಾಪಾಡುತ್ತದೆ. ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ ಮಗುವಿಗೆ ಅಂಗವೈಕಲ್ಯದ ಹಣೆಪಟ್ಟಿ ಹಚ್ಚುವಂತಿಲ್ಲ. ಸಾಧ್ಯವಿರುವ ಕಡೆ ಮಗುವಿನ ಭಾಷೆಯಲ್ಲೇ ಪರೀಕ್ಷೆ ಮಾಡಬೇಕು. ನಿಮ್ಮ ಕಾಗದದಲ್ಲಿ "ಮನೆಮಾತು ಕನ್ನಡ, ಕನ್ನಡದಲ್ಲೂ ಮಾತು ತಡವಾಗಿದೆ" ಅಂತ ಒಂದು ಸಾಲು ಸೇರಿಸಿ. ಎರಡು ಭಾಷೆಯಲ್ಲೂ ತೊಂದರೆ ಕಂಡರೆ ಅದಕ್ಕೆ ಭಾಷೆ ಕಾರಣ ಅಲ್ಲ, ಅಲ್ವಾ? ಇಂಗ್ಲಿಷ್ ಕಷ್ಟ ಅನ್ನುವ ತಾಯಿಗೋ ತಂದೆಗೋ ಮೀಟಿಂಗ್‌ಗೆ ದುಭಾಷಿಯನ್ನು ಶಾಲೆಯೇ ಕರೆಸಬೇಕು, ಖರ್ಚು ನಿಮ್ಮದಲ್ಲ.

ಮೌಲ್ಯಮಾಪನ ಆದ ಮೇಲಿನ ಮೀಟಿಂಗ್ ದಿನ ಮೇಜಿನ ಆ ಕಡೆ ಆರೇಳು ಜನ ಇರುತ್ತಾರೆ, ಈ ಕಡೆ ನೀವಿಬ್ಬರೇ. ಐಇಪಿ, ಅಂದರೆ ನಿಮ್ಮ ಮಗುವಿಗೆಂದೇ ಮಾಡಿದ ಶಿಕ್ಷಣ ಯೋಜನೆ, ಅನ್ನುವ 20-30 ಪುಟದ ಕಡತ ಇರುತ್ತದೆ. ಅದರಲ್ಲಿ ಗುರಿಗಳ ಪುಟ ಮತ್ತು ಸೇವೆಗಳ ಪುಟ, ಈ ಎರಡನ್ನು ಬೆರಳಿಟ್ಟು ಓದಿ. "ಓದುವ ಸಾಮರ್ಥ್ಯ ಸುಧಾರಿಸುವುದು" ಅಂತ ಗುರಿ ಬರೆದಿದ್ದರೆ ಒಪ್ಪಬೇಡಿ, ಸುಧಾರಿಸಿತೋ ಇಲ್ಲವೋ ಅಂತ ವರ್ಷದ ಕೊನೆಗೆ ಅಳೆಯುವುದು ಹೇಗೆ? ಈಗ ನಿಮಿಷಕ್ಕೆ 30 ಪದ ಓದುತ್ತಾನೆ, ಮುಂದಿನ ಮಾರ್ಚ್ ಹೊತ್ತಿಗೆ ಮೊದಲು ನೋಡಿರದ ಪುಟವೊಂದನ್ನು ನಿಮಿಷಕ್ಕೆ 70 ಪದದಂತೆ ಓದಬೇಕು, ಮೂರು ಬಾರಿ ಪರೀಕ್ಷಿಸಿ ನೋಡುತ್ತೇವೆ, ಹೀಗೆ ಬರೆಸಿ. ಸೇವೆಯ ಪುಟದಲ್ಲಿ "ಅಗತ್ಯವಿದ್ದಾಗ" ಅಂತಿದ್ದರೆ ತೆಗೆಸಿ, ವಾರಕ್ಕೆ ಎಷ್ಟು ಸಲ, ಎಷ್ಟು ನಿಮಿಷ, ಯಾರು, ಒಬ್ಬನಿಗೋ ಗುಂಪಿಗೋ ಅಂತ ಹಾಕಿಸಿ. ಅಲ್ಲೇ ಸಹಿ ಹಾಕಲೇಬೇಕು ಅಂತೇನೂ ಇಲ್ಲ. ಹಾಜರಿಗೆ ಹಾಕುವ ಸಹಿ ಬೇರೆ, ಒಪ್ಪಿಗೆಗೆ ಹಾಕುವ ಸಹಿ ಬೇರೆ. ಮನೆಗೆ ತಂದು ರಾತ್ರಿ ಊಟ ಆದ ಮೇಲೆ ನಿಧಾನವಾಗಿ ಓದಿ.

ಸಣ್ಣ ಗುರಿಗೆ ತೃಪ್ತಿಪಡಬೇಕಿಲ್ಲ. ಕೊಲೊರಾಡೊದ ಡಗ್ಲಸ್ ಕೌಂಟಿಯಲ್ಲಿ ಆಟಿಸಂ ಇದ್ದ ಒಬ್ಬ ಹುಡುಗನಿಗೆ ವರ್ಷವರ್ಷವೂ ಹೆಚ್ಚುಕಮ್ಮಿ ಅದೇ ಗುರಿಗಳನ್ನು ಬರೆಯುತ್ತಿದ್ದರು. 2017ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತೀರ್ಪು ಕೊಟ್ಟಿತು: ನಾಮಕಾವಸ್ತೆ ಪ್ರಗತಿ ಸಾಲದು, ಮಗುವಿನ ಪರಿಸ್ಥಿತಿಗೆ ತಕ್ಕ ಹಾಗೆ ನಿಜವಾಗಿ ಮುಂದೆ ಹೋಗುವಂಥ ಯೋಜನೆ ಇರಬೇಕು.

ಶಾಲೆಯ ಪರೀಕ್ಷಾ ವರದಿ ಸರಿ ಅನ್ನಿಸದಿದ್ದರೆ ಹೊರಗಿನ ತಜ್ಞರಿಂದ ಶಾಲೆಯ ಖರ್ಚಿನಲ್ಲೇ ಇನ್ನೊಂದು ಮೌಲ್ಯಮಾಪನ ಕೇಳಬಹುದು. ಇದು ಗೊತ್ತಿಲ್ಲದೆ ಕೈಯಿಂದ ಸಾವಿರಾರು ಡಾಲರ್ ಕೊಟ್ಟವರನ್ನು ನೋಡಿದ್ದೇನೆ. ಶಾಲೆ ಒಂದೋ ದುಡ್ಡು ಕೊಡಬೇಕು, ಇಲ್ಲವೇ ತಾನೇ ವಿಚಾರಣೆಗೆ (ತಟಸ್ಥ ಅಧಿಕಾರಿಯ ಮುಂದೆ ಕೋರ್ಟಿನ ಹಾಗೆ ನಡೆಯುವಂಥದ್ದು) ಹೋಗಿ ತನ್ನ ವರದಿ ಸರಿ ಅಂತ ಸಾಬೀತು ಮಾಡಬೇಕು. ಅದಕ್ಕೂ ಬಗ್ಗದಿದ್ದರೆ ಖರ್ಚಿಲ್ಲದ ಮಧ್ಯಸ್ಥಿಕೆ ಇದೆ, ರಾಜ್ಯದ ಶಿಕ್ಷಣ ಇಲಾಖೆಗೆ ಒಂದು ವರ್ಷದೊಳಗೆ ದೂರು ಕೊಡುವ ದಾರಿ ಇದೆ. ವಿಚಾರಣೆ ಕೊನೆಯದು. ಅದು ದುಬಾರಿ, ವಿಚಾರಣೆ ಕೇಳಿದವರೇ ತಮ್ಮ ವಾದ ಸಾಬೀತು ಮಾಡಬೇಕು ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನ್ಯೂಜೆರ್ಸಿ, ನ್ಯೂಯಾರ್ಕ್‌ನಂಥ ಕಡೆ ರಾಜ್ಯದ ಕಾನೂನು ಆ ಹೊರೆಯನ್ನು ಶಾಲೆಯ ಮೇಲೆ ಹಾಕಿದೆ. ವಿಚಾರಣೆಗೆ ಹೋದಾಗ ಎಲ್ಲಕ್ಕಿಂತ ಉಪಯೋಗಕ್ಕೆ ಬರುವುದು ನೀವು ಮೊದಲೇ ಬರೆದ ಆ ಇಮೇಲ್‌ಗಳು.

ವೀಸಾ ಬಗ್ಗೆ ಕೇಳುವವರಿಗೆ: ಎಚ್-4 (ಕೆಲಸದ ವೀಸಾದಲ್ಲಿ ಬಂದವರ ಕುಟುಂಬಕ್ಕೆ ಕೊಡುವ ವೀಸಾ) ಆಗಲಿ, ಏನೇ ಆಗಲಿ, ಮಗುವಿನ ವಲಸೆ ಸ್ಥಿತಿ ನೋಡಿ ಸರ್ಕಾರಿ ಶಾಲೆ ಬಾಗಿಲು ಹಾಕುವಂತಿಲ್ಲ. 1982ರಲ್ಲಿ ಟೆಕ್ಸಾಸ್‌ನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಅದು.

ನಮ್ಮ ಐಟಿ ಕುಟುಂಬಗಳು ಪ್ರಾಜೆಕ್ಟ್ ಬದಲಾದರೆ ರಾಜ್ಯವನ್ನೇ ಬದಲಾಯಿಸುತ್ತವೆ. ಶಾಲೆಯ ವರ್ಷದ ನಡುವೆ ಹೋದರೂ, ಹೊಸ ಊರಿನ ಶಾಲೆ ತನ್ನದೇ ಯೋಜನೆ ಮಾಡುವವರೆಗೆ ಹಳೆಯ ಐಇಪಿಯಲ್ಲಿ ಇದ್ದಂಥ ಸೇವೆಯನ್ನೇ ಕೊಡಬೇಕು. ಫೈಲು ತಾನಾಗಿ ಬರುತ್ತದೆ ಅಂತ ಕಾಯಬೇಡಿ, ವಾರಗಟ್ಟಲೆ ಹಿಡಿಯುತ್ತದೆ. ಹೊರಡುವ ಮುಂಚೆ ಹಳೆ ಶಾಲೆಯಿಂದ ಐಇಪಿ, ಪರೀಕ್ಷಾ ವರದಿ, ಕೊನೆಯ ಪ್ರಗತಿ ಪತ್ರ ಇಷ್ಟರ ನಕಲು ತೆಗೆದುಕೊಳ್ಳಿ, ಸಾಮಾನಿನ ಟ್ರಕ್ಕಿಗೆ ಹಾಕದೆ ನಿಮ್ಮ ಬ್ಯಾಗಿನಲ್ಲೇ ಇಟ್ಟುಕೊಳ್ಳಿ, ಹೊಸ ಶಾಲೆಗೆ ಸೇರಿಸುವ ದಿನವೇ ಕೊಟ್ಟು, ಕೊಟ್ಟಿದ್ದೇವೆ ಅಂತ ಸಂಜೆ ಒಂದು ಇಮೇಲ್ ಹಾಕಿ.