ಸ್ಟೇಟ್ ಆಫ್ ಚಾರ್ಜ್: ಸೋಲಾರ್ ಬ್ಯಾಟರಿಯಲ್ಲಿ ಈಗ ಎಷ್ಟು ಉಳಿದಿದೆ?

ಬ್ಯಾಟರಿ ಪೂರ್ತಿ ತುಂಬಿದಾಗ ಎಷ್ಟು ಚಾರ್ಜ್ ಹಿಡಿಯುತ್ತದೋ, ಅದರಲ್ಲಿ ಈಗ ಎಷ್ಟು ಪಾಲು ಉಳಿದಿದೆ ಎಂಬ ಲೆಕ್ಕವೇ ಸ್ಟೇಟ್ ಆಫ್ ಚಾರ್ಜ್. ಚಿಕ್ಕದಾಗಿ ಎಸ್‌ಓಸಿ. 150 ಆ್ಯಂಪ್-ಅವರ್ (ಎಷ್ಟು ಆ್ಯಂಪ್ ಎಷ್ಟು ಗಂಟೆ ಸಿಗುತ್ತದೆ ಎಂಬ ಗುಣಾಕಾರದ ಅಳತೆ) ಬ್ಯಾಟರಿಯಲ್ಲಿ 75 ಉಳಿದಿದ್ದರೆ ಎಸ್‌ಓಸಿ ಶೇ. 50. ಎಷ್ಟು ಖಾಲಿಯಾಗಿದೆ ಎಂದು ಹೇಳುವಾಗ ಡಿಓಡಿ, ಅಂದರೆ ಡೆಪ್ತ್ ಆಫ್ ಡಿಸ್ಚಾರ್ಜ್ ಅನ್ನುತ್ತಾರೆ.

ಕರೆಂಟ್ ಲೈನ್ ಇರುವ ಮನೆಯಲ್ಲಿ ಈ ಲೆಕ್ಕ ತಪ್ಪಿದರೂ ನಡೆಯುತ್ತದೆ. ಕಂಬವೇ ಬಾರದ ಮಲೆನಾಡಿನ ಒಂಟಿ ಮನೆಯಲ್ಲಿ ಹಾಗಲ್ಲ. ಜುಲೈನಲ್ಲಿ ಮೋಡ ಕವಿದು ಕೂತರೆ ದಿನಗಟ್ಟಲೆ ಪ್ಯಾನೆಲ್‌ನಿಂದ ಬರುವುದು ಅಷ್ಟಕ್ಕಷ್ಟೆ. ಲೆಡ್-ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗುತ್ತದೆ. ಆಮೇಲೆ ಬಿಸಿಲು ಬಂದರೂ ಹಳೆಯ ಶಕ್ತಿ ಪೂರ್ತಿ ವಾಪಸ್ ಬರುವುದಿಲ್ಲ. ಅದಕ್ಕೇ ಎಸ್‌ಓಸಿ ತಿಳಿದಿರಬೇಕು.

ತೊಂದರೆ ಏನೆಂದರೆ, ಎಸ್‌ಓಸಿಯನ್ನು ನೇರವಾಗಿ ಅಳೆಯುವ ಸಾಧನವೇ ಇಲ್ಲ. ಬೇರೆ ಏನನ್ನೋ ಅಳೆದು ಅಂದಾಜು ಮಾಡಬೇಕು. ಡಿಸ್‌ಪ್ಲೇ ಮೇಲೆ ಕಾಣುವ ಶೇಕಡಾವಾರು ಯಾವ ಅಳತೆಯಿಂದ ಬಂತು ಅನ್ನುವುದು ಗೊತ್ತಿಲ್ಲದೆ ಅದನ್ನು ನಂಬಬಾರದು.

ಎಲ್ಲರೂ ಮೊದಲು ನೋಡುವುದು ವೋಲ್ಟೇಜ್. 12 ವೋಲ್ಟಿನ ಟ್ಯೂಬ್ಯುಲರ್ (ಲೆಡ್-ಆ್ಯಸಿಡ್‌ನದೇ ಒಂದು ಬಗೆ) ಬ್ಯಾಟರಿ ತುಂಬಿದ್ದರೆ ಸುಮಾರು 12.5ರಿಂದ 12.7, ಅರ್ಧ ಇದ್ದರೆ 12.1 ಅಥವಾ 12.2, 11.9ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಆದರೆ ಈ ಅಂಕಿಗಳು ಸುಮ್ನೆ ಕೂತಿರುವ ಬ್ಯಾಟರಿಗೆ ಮಾತ್ರ. ಬಿಸಿಲಿನಲ್ಲಿ ಚಾರ್ಜ್ ಆಗುತ್ತಿರುವಾಗ ಮೀಟರ್ 14 ದಾಟುತ್ತದೆ, ಬ್ಯಾಟರಿ ಇನ್ನೂ ತುಂಬಿರುವುದಿಲ್ಲ. ಮಿಕ್ಸಿ ಹಾಕಿದರೆ 11.6ಕ್ಕೆ ಕುಸಿಯುತ್ತದೆ, ನಿಲ್ಲಿಸಿದರೆ ಮತ್ತೆ ಮೇಲೇರುತ್ತದೆ. ಮಿಕ್ಸಿ ಓಡಿದ ಆ ಎರಡು ನಿಮಿಷದಲ್ಲಿ ಚಾರ್ಜ್ ಅಷ್ಟೊಂದು ಖಾಲಿಯಾಗಿ ತುಂಬಿತೇ? ಇಲ್ಲ ಅಲ್ವಾ. ಪ್ಯಾನೆಲ್ ಮತ್ತು ಬ್ಯಾಟರಿ ನಡುವೆ ಕೂರುವ ಚಾರ್ಜ್ ಕಂಟ್ರೋಲರಿನ ಹಸಿರು, ಹಳದಿ, ಕೆಂಪು ದೀಪಗಳೂ ಸಾಮಾನ್ಯವಾಗಿ ಇದೇ ವೋಲ್ಟೇಜ್ ನೋಡಿ ಬದಲಾಗುತ್ತವೆ. ಹಾಗಾಗಿ ವೋಲ್ಟೇಜ್ ನೋಡಲು ಒಳ್ಳೆಯ ಹೊತ್ತು ಬೆಳಗಿನ ಜಾವ. ಪ್ಯಾನೆಲ್ ಇನ್ನೂ ಶುರುವಾಗಿರಬಾರದು, ಲೋಡ್ ಎಲ್ಲಾ ಆಫ್ ಆಗಿ ಕೆಲವು ಗಂಟೆ ಆಗಿರಬೇಕು.

ನೀರು ಹಾಕುವ ಬ್ಯಾಟರಿಗೆ ಇನ್ನೂ ಒಳ್ಳೆಯ ದಾರಿ ಹೈಡ್ರೋಮೀಟರ್, ಅಂದರೆ ಆ್ಯಸಿಡ್ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಸಾಧನ. ಚಾರ್ಜ್ ಇಳಿದಂತೆ ಆ್ಯಸಿಡ್ ತೆಳುವಾಗುತ್ತದೆ, ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) ಬೀಳುತ್ತದೆ. ನಮ್ಮ ಕಡೆಯ ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ತುಂಬಿದಾಗ 1.240ರ ಆಸುಪಾಸು ಇರುವುದು ಸಾಮಾನ್ಯ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆಯಬೇಡಿ. ಅದು ಆ್ಯಸಿಡ್ ಜೊತೆ ಬೆರೆಯುವ ತನಕ ಗ್ರಾವಿಟಿ ಕಡಿಮೆಯೇ ತೋರಿಸುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲೇಬೇಕು.

ಮೂರನೆಯದು ಶಂಟ್ (ಹರಿಯುವ ಕರೆಂಟನ್ನು ಅಳೆಯಲು ಬಳಸುವ ಸಣ್ಣ ರೆಸಿಸ್ಟರ್) ಇರುವ ಬ್ಯಾಟರಿ ಮಾನಿಟರ್. ನೆಗೆಟಿವ್ ಕೇಬಲ್‌ಗೆ ಕೂರಿಸುವ ಈ ಸಾಧನ ಒಳಗೆ ಬಂದ ಮತ್ತು ಹೊರಗೆ ಹೋದ ಆ್ಯಂಪ್-ಅವರ್‌ಗಳನ್ನು ಕೂಡಿ ಕಳೆಯುತ್ತದೆ, ಬ್ಯಾಂಕ್ ಪಾಸ್‌ಬುಕ್ ಹಾಗೆ. ದಿನನಿತ್ಯದ ಬಳಕೆಗೆ ಇದೇ ಅತಿ ಉಪಯುಕ್ತ ಅನ್ನುವುದು ನನ್ನ ಅಭಿಪ್ರಾಯ. ಆದರೆ ಎಲ್ಲ ನೆಗೆಟಿವ್ ವೈರೂ ಶಂಟ್ ಮೂಲಕವೇ ಹೋಗಬೇಕು. ಯಾರೋ ಬ್ಯಾಟರಿ ಟರ್ಮಿನಲ್‌ನಿಂದ ನೇರವಾಗಿ ಒಂದು ಬಲ್ಬಿಗೆ ವೈರ್ ಎಳೆದರೆ ಆ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ಇನ್ನೊಂದು, ಲೆಡ್-ಆ್ಯಸಿಡ್‌ಗೆ ಹಾಕಿದ ಚಾರ್ಜ್ ಅಷ್ಟೂ ವಾಪಸ್ ಬರುವುದಿಲ್ಲ. ಬಳಕೆ ಜೋರಾದಷ್ಟೂ ಸಿಗುವುದು ಕಡಿಮೆ. ಸಿ10 ಲೆಕ್ಕದ 150 ಆ್ಯಂಪ್-ಅವರ್ ಅಂದರೆ 15 ಆ್ಯಂಪಿನಂತೆ 10 ಗಂಟೆ. 50 ಆ್ಯಂಪ್ ಎಳೆದರೆ 3 ಗಂಟೆ ಬಾರದು. ಈ ಸಂಬಂಧವನ್ನು ಪೊಯ್ಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಸೂತ್ರವಾಗಿ ಬರೆದಿಟ್ಟರು.

ಇಂಥ ಸಣ್ಣ ತಪ್ಪುಗಳು ದಿನಾ ಸೇರುತ್ತಾ ಹೋಗುತ್ತವೆ. ಬ್ಯಾಟರಿ ಪೂರ್ತಿ ತುಂಬಿದಾಗ ಮಾನಿಟರ್ ಮತ್ತೆ 100ಕ್ಕೆ ಬಂದು ಲೆಕ್ಕ ಸರಿಮಾಡಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಬ್ಯಾಟರಿ ತುಂಬುವುದೇ ಇಲ್ಲ. ಅಂದರೆ ಲೆಕ್ಕ ಸರಿ ಇರಬೇಕಾದ ಹೊತ್ತಿನಲ್ಲೇ ಅದು ದಾರಿ ತಪ್ಪಿರುತ್ತದೆ. ಆಗ ಜನರೇಟರ್ ಇದ್ದವರು ಒಮ್ಮೆ ಪೂರ್ತಿ ಚಾರ್ಜ್ ಮಾಡುವುದು ಒಳ್ಳೆಯದು. ಇಲ್ಲದವರು ಬೆಳಗಿನ ವೋಲ್ಟೇಜ್ ಜೊತೆ ತಾಳೆ ನೋಡುತ್ತಿರಬೇಕು.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಗೆ ಈ ತಾಳೆಯೂ ಅಷ್ಟಾಗಿ ಸಿಗದು. ಶೇ. 80ರಿಂದ 30ಕ್ಕೆ ಇಳಿದರೂ ಒಂದು ಸೆಲ್ಲಿನ ವೋಲ್ಟೇಜ್ 0.1 ವೋಲ್ಟಿನಷ್ಟೂ ಬದಲಾಗದು. ಅಲ್ಲಿ ಶಂಟ್ ಅಥವಾ ಬಿಎಂಎಸ್ (ಬ್ಯಾಟರಿಯ ಮೇಲೆ ನಿಗಾ ಇಡುವ ಸರ್ಕ್ಯೂಟ್) ಲೆಕ್ಕವೇ ಗತಿ.

ಒಂದಕ್ಕಿಂತ ಜಾಸ್ತಿ ಬ್ಯಾಟರಿ ಜೋಡಿಸಿದ್ದರೆ ಒಟ್ಟು ವೋಲ್ಟೇಜ್ ಮೋಸ ಮಾಡಬಹುದು. ಸೀರೀಸ್‌ನಲ್ಲಿ ಎರಡಿದ್ದು ಒಟ್ಟು 24.3 ಬಂದರೆ ಎರಡೂ ಅರ್ಧ ಇವೆ ಅನಿಸುತ್ತದೆ. ಒಂದು 12.6, ಇನ್ನೊಂದು 11.7 ಇದ್ದರೂ ಬರುವುದು ಅದೇ 24.3. ಎರಡನೆಯದು ಆಗಲೇ ಸೋತಿರುತ್ತದೆ. ತಿಂಗಳಿಗೊಮ್ಮೆಯಾದರೂ ಮಲ್ಟಿಮೀಟರ್ ಹಿಡಿದು ಒಂದೊಂದನ್ನೇ ಅಳೆಯಿರಿ.

ಹಳೆಯ ಬ್ಯಾಟರಿಯ 100ಕ್ಕೂ ಹೊಸದರ 100ಕ್ಕೂ ವ್ಯತ್ಯಾಸವಿದೆ. 150ರ ಬ್ಯಾಟರಿ ಸವೆದು 90 ಮಾತ್ರ ಹಿಡಿಯುವಂತಾದರೆ, ಅದು ತುಂಬಿದಾಗಲೂ ಎಸ್‌ಓಸಿ 100 ಎಂದೇ ತೋರಿಸುತ್ತದೆ. ಈ ಸವೆತದ ಅಳತೆಗೆ ಸ್ಟೇಟ್ ಆಫ್ ಹೆಲ್ತ್ ಎಂಬ ಬೇರೆ ಹೆಸರಿದೆ. ಸೆಟ್ಟಿಂಗ್‌ನಲ್ಲಿ ಇನ್ನೂ 150 ಅಂತಲೇ ಇದ್ದರೆ ಮಾನಿಟರ್ ಶೇ. 60 ತೋರಿಸುವ ಹೊತ್ತಿಗೆ 60 ಆ್ಯಂಪ್-ಅವರ್ ಹೋಗಿ, ಉಳಿದಿರುವುದು 30 ಮಾತ್ರ. ಬ್ಯಾಟರಿ ಹಳೆಯದಾದಂತೆ ಆ ಅಂಕಿಯನ್ನೂ ಇಳಿಸಬೇಕು.