ಸಹಿ ಡಾಕ್ಟರದು, ಬಿಲ್ಲು ಊರಿನದು

ನೆದರ್ಲೆಂಡ್ಸ್‌ನ ಯಾವುದೋ ಊರಿನಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ಶಾಲೆಗೆ ಹೋಗಲು ಒಲ್ಲೆ ಅಂತ ಕೂತಿದ್ದಾಳೆ ಅಂದುಕೊಳ್ಳಿ. ರಾತ್ರಿ ನಿದ್ದೆ ಇಲ್ಲ, ಊಟ ಸೇರುವುದಿಲ್ಲ. ತಾಯಿ ಅವಳನ್ನು ಫ್ಯಾಮಿಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಡಾಕ್ಟರು ಸ್ವಲ್ಪ ಹೊತ್ತು ಮಾತಾಡಿಸಿ, ಮಕ್ಕಳ ಮನೋವೈದ್ಯರಿಗೆ ಒಂದು ಚೀಟಿ ಬರೆದುಕೊಡುತ್ತಾರೆ. ಆ ಚೀಟಿಗೆ ಇನ್ನೊಬ್ಬರ ಒಪ್ಪಿಗೆ ಬೇಕಿಲ್ಲ. ಚಿಕಿತ್ಸೆ ಶುರುವಾಗುತ್ತದೆ. ಬಿಲ್ಲು ಮಾತ್ರ ಊರಿನ ಮುನಿಸಿಪಾಲಿಟಿಗೆ ಬರುತ್ತದೆ.

ಅಂಥ ಬಿಲ್ಲುಗಳನ್ನು ಕೂಡಿಸಿ, ವರ್ಷದ ಕೊನೆಗೆ ಎಷ್ಟು ಸಾಲದೇ ಬರುತ್ತದೆ ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಇಲ್ಲಿಯ ಒಂದು ಮಧ್ಯಮ ಗಾತ್ರದ ಮುನಿಸಿಪಾಲಿಟಿಯ ಹಣಕಾಸು ವಿಭಾಗದಲ್ಲಿದ್ದೇನೆ. ಊರಿನಿಂದ ಬಂದ ಸ್ನೇಹಿತರು 'ನಿಮ್ಮಲ್ಲಿ ಎಲ್ಲವನ್ನೂ ಸರ್ಕಾರವೇ ನೋಡಿಕೊಳ್ಳುತ್ತಲ್ವಾ' ಅನ್ನುತ್ತಾರೆ. ಹೌದು, ನೋಡಿಕೊಳ್ಳುತ್ತದೆ. ಆದರೆ ಯಾವ ಸರ್ಕಾರ?

2015ರ ಜನವರಿ 1ರಿಂದ ಇದಕ್ಕೆ ಹೊಸ ಉತ್ತರ ಬಂತು. ಅವತ್ತು ಮೂರು ದೊಡ್ಡ ಹೊಣೆಗಳು ಮುನಿಸಿಪಾಲಿಟಿಗಳ ಹೆಗಲಿಗೆ ಬಂದವು. ವಯಸ್ಸಾದವರಿಗೆ ಮತ್ತು ಅಂಗವಿಕಲರಿಗೆ ಮನೆಯಲ್ಲೇ ಸಿಗುವ ನೆರವು ಒಂದು, ಅದರಲ್ಲಿ ಮನೆಗೆಲಸದ ನೆರವು ಮಾತ್ರ 2007ರಿಂದಲೇ ಅವರ ಪಾಲಿಗಿತ್ತು. ಹದಿನೆಂಟು ತುಂಬದ ಮಕ್ಕಳ ಆರೈಕೆ ಇನ್ನೊಂದು. ಕೆಲಸವಿಲ್ಲದವರ ಭತ್ಯೆಯನ್ನು ಮುನಿಸಿಪಾಲಿಟಿಗಳು ಮೊದಲಿನಿಂದಲೂ ನೋಡಿಕೊಳ್ಳುತ್ತಿದ್ದವು. ಅದರ ಜೊತೆಗೆ ಅಂಗವೈಕಲ್ಯದಿಂದ ಕೆಲಸ ಸಿಗುವುದು ಕಷ್ಟವಾದ ಯುವಕರ ಹೊಣೆ ಸೇರಿಕೊಂಡಿದ್ದು ಮೂರನೆಯದು. ಈಗ ದೇಶದಲ್ಲಿ ಸುಮಾರು 340 ಮುನಿಸಿಪಾಲಿಟಿಗಳಿವೆ. ಆಮ್ಸ್ಟರ್‌ಡ್ಯಾಮ್‌ನಲ್ಲಿ ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ. ಸ್ಕೀರ್ಮೊನಿಕೋಗ್ ಅನ್ನುವ ದ್ವೀಪದಲ್ಲಿ ಸಾವಿರವೂ ಇಲ್ಲ. ಇಬ್ಬರಿಗೂ ಅದೇ ಕಾನೂನು, ಅದೇ ಜವಾಬ್ದಾರಿ.

ಇದಕ್ಕೆ ಆಗ ಕೊಟ್ಟ ಕಾರಣ ಚೆನ್ನಾಗಿಯೇ ಇತ್ತು. 1968ರಲ್ಲಿ ಶುರುವಾದ ದೀರ್ಘಕಾಲದ ಆರೈಕೆಯ ರಾಷ್ಟ್ರೀಯ ವಿಮೆ ಊದಿಕೊಂಡು ಯಾರ ಕೈಗೂ ಸಿಗದಷ್ಟಾಗಿತ್ತು. ಯಾರ ಮನೆಯಲ್ಲಿ ಏನು ಬೇಕು ಅನ್ನುವುದು ಊರಿನವರಿಗೆ ಚೆನ್ನಾಗಿ ಗೊತ್ತು, ಅವರೇ ನೋಡಲಿ ಅಂದರು. 2013ರ ಸೆಪ್ಟೆಂಬರ್‌ನಲ್ಲಿ ದೊರೆ ವಿಲ್ಲೆಮ್ ಅಲೆಕ್ಸಾಂಡರ್ ಸಂಸತ್ತಿನ ವರ್ಷ ಶುರುವಾಗುವಾಗ ಓದುವ ಸಿಂಹಾಸನ ಭಾಷಣದಲ್ಲಿ, ಅದು ಅವರ ಮೊದಲನೆಯದು, ಹಳೆಯ ಕಲ್ಯಾಣ ರಾಜ್ಯ ನಿಧಾನಕ್ಕೆ ಎಲ್ಲರೂ ಕೈಜೋಡಿಸುವ ಸಮಾಜವಾಗಿ ಬದಲಾಗುತ್ತಿದೆ ಎಂದು ಓದಿದರು. ಭಾಷಣ ಬರೆದುಕೊಡುವುದು ಮಂತ್ರಿಮಂಡಲ, ಓದುವುದು ದೊರೆ. ಮಂತ್ರಿಗಳ ಲೆಕ್ಕಾಚಾರ ಅದರ ಹಿಂದೆಯೇ ಬಂತು. ಊರಿನವರು ಚುರುಕಾಗಿ, ಅಗ್ಗವಾಗಿ ಮಾಡುತ್ತಾರೆ ಅಂತ ಹೇಳಿ ಮಕ್ಕಳ ಆರೈಕೆಯ ದುಡ್ಡಿನಲ್ಲೇ ಸುಮಾರು ಶೇ. 15ರಷ್ಟು ಕತ್ತರಿಸಿದರು. ಊರಿನವರಿಗೆ ಚೆನ್ನಾಗಿ ಗೊತ್ತು ಅನ್ನುವುದನ್ನು ನಾನು ಇವತ್ತಿಗೂ ಒಪ್ಪುತ್ತೇನೆ. ಅಗ್ಗವಾಗುತ್ತದೆ ಅನ್ನುವುದನ್ನು ಮೊದಲ ವರ್ಷದಿಂದಲೇ ಒಪ್ಪಿಲ್ಲ.

ಕಾರಣ ಆ ಚೀಟಿ. ಫ್ಯಾಮಿಲಿ ಡಾಕ್ಟರು, ತಜ್ಞ ವೈದ್ಯರು, ಮಕ್ಕಳ ನ್ಯಾಯಾಲಯದ ನ್ಯಾಯಾಧೀಶರು, ಇವರೆಲ್ಲ ಮಗುವನ್ನು ನೇರವಾಗಿ ಆರೈಕೆಗೆ ಕಳಿಸಬಹುದು. ಸುಮಾರು 25 ವರ್ಷಗಳ ಹಿಂದೆ ಇಪ್ಪತ್ತೇಳು ಮಕ್ಕಳಲ್ಲಿ ಒಬ್ಬರು ಇಂಥ ನೆರವು ಪಡೆಯುತ್ತಿದ್ದರು, ಈಗ ಹೆಚ್ಚುಕಡಿಮೆ ಏಳರಲ್ಲಿ ಒಬ್ಬರು. ಎಲ್ಲರಿಗೂ ಅದು ನಿಜವಾಗಿ ಬೇಕೇ ಅನ್ನುವ ಜಗಳ ಇಲ್ಲಿ ವರ್ಷಗಳಿಂದ ನಡೆದಿದೆ, ಅದಕ್ಕೆ ನಾನು ಕೈ ಹಾಕುವುದಿಲ್ಲ. ದುಡ್ಡು ಕೊಡುವವರಿಗೆ ಬೇಕು, ಬೇಡ ಅನ್ನುವ ಅಧಿಕಾರವೇ ಇಲ್ಲ ಅನ್ನುವುದು ನನ್ನ ತಕರಾರು.

ಮನೆಗೆಲಸದ ನೆರವಿನ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮಂಡಿನೋವಿನ ಅಜ್ಜಿಯೊಬ್ಬರು ನೆಲ ಒರೆಸಲಾಗದೆ ಅರ್ಜಿ ಹಾಕಿದರೆ, ಮುನಿಸಿಪಾಲಿಟಿಯವರು ಮನೆಗೆ ಬಂದು ಅಡುಗೆಮನೆಯ ಮೇಜಿನ ಮುಂದೆ ಕೂತು ಮಾತಾಡುತ್ತಾರೆ. ಮಕ್ಕಳು ಎಷ್ಟು ದೂರದಲ್ಲಿದ್ದಾರೆ? ಪಕ್ಕದ ಮನೆಯವರು ಬರುತ್ತಾರಾ? ಯಾವ ಕೆಲಸ ನೀವೇ ಮಾಡಿಕೊಳ್ಳಬಲ್ಲಿರಿ? ಇದೆಲ್ಲ ಕೇಳಿದ ಮೇಲೆ ಗಂಟೆಗಳ ಲೆಕ್ಕ. ಕೆಲವು ಮುನಿಸಿಪಾಲಿಟಿಗಳು ಗಂಟೆ ಬರೆಯುವುದನ್ನೇ ಬಿಟ್ಟು 'ಮನೆ ಸ್ವಚ್ಛವಾಗಿರುತ್ತದೆ' ಅಂತಷ್ಟೇ ಬರೆಯತೊಡಗಿದವು. 2016ರ ಮೇ ತಿಂಗಳಲ್ಲಿ ಸಾಮಾಜಿಕ ಭದ್ರತೆಯ ಅತ್ಯುನ್ನತ ನ್ಯಾಯಾಲಯ ಇದು ನಡೆಯುವುದಿಲ್ಲ ಅಂದಿತು. ಎಷ್ಟು ನೆರವು ಬೇಕು ಅನ್ನುವುದಕ್ಕೆ ಸ್ವತಂತ್ರ ಅಧ್ಯಯನದ ಆಧಾರ ಇರಬೇಕು, ಸುಮ್ನೆ ಅಂದಾಜಿನಲ್ಲಿ ಕಡಿಮೆ ಮಾಡುವಂತಿಲ್ಲ ಅಂತ ತೀರ್ಪು. ಅಜ್ಜಿಯ ಪಾಲಿಗೆ ಒಳ್ಳೆಯ ತೀರ್ಪು, ನನಗೂ ಸರಿಯೆನಿಸಿತು.

ಆದರೆ 2019ರಲ್ಲಿ ಹೇಗ್‌ನ ಕೇಂದ್ರ ಸರ್ಕಾರ ಇನ್ನೊಂದು ನಿಯಮ ತಂದಿತು. ಈ ನೆರವಿಗೆ ಜನ ಕೊಡಬೇಕಾದ ಪಾಲು ಎಲ್ಲರಿಗೂ ಒಂದೇ: ನಾಲ್ಕು ವಾರಕ್ಕೆ 17.50 ಯೂರೋ, ಮುಂದಿನ ವರ್ಷದಿಂದ ತಿಂಗಳಿಗೆ 19. ದೊಡ್ಡ ಪಿಂಚಣಿ ಇದ್ದವರಿಗೂ ಅಷ್ಟೇ, ಸಣ್ಣ ಪಿಂಚಣಿ ಇದ್ದವರಿಗೂ ಅಷ್ಟೇ. ಆಮೇಲೆ ಏನಾಯಿತು ಅಂತ ನೀವೇ ಊಹಿಸಬಹುದು. ಅಲ್ಲಿಯವರೆಗೆ ಸ್ವಂತ ದುಡ್ಡಿನಲ್ಲಿ ಕೆಲಸದವರನ್ನು ಇಟ್ಟುಕೊಂಡಿದ್ದವರೂ ಅರ್ಜಿ ಹಾಕಿದರು. ಹಾಕಬಾರದು ಅಂತ ಹೇಗೆ ಹೇಳುವುದು? ಕಾನೂನು ಅವರಿಗೂ ಹಕ್ಕು ಕೊಟ್ಟಿದೆ. ಬೆಲೆ ಇಳಿಸಿದ ಒಳ್ಳೆಯ ಹೆಸರು ಹೇಗ್‌ಗೆ, ಉದ್ದವಾದ ಕಾಯುವ ಪಟ್ಟಿಯ ಕೆಟ್ಟ ಹೆಸರು ಊರಿಗೆ.

ಹಾಗಾದರೆ ಊರಿನವರೇ ತೆರಿಗೆ ಹೆಚ್ಚಿಸಲಿ ಅನ್ನಬಹುದು. ಇಲ್ಲಿ ಮುನಿಸಿಪಾಲಿಟಿಗೆ ಸ್ವಂತದ್ದು ಅಂತ ಇರುವುದು ಮನೆ ಕಟ್ಟಡಗಳ ತೆರಿಗೆ, ಪಾರ್ಕಿಂಗ್ ಶುಲ್ಕ, ಪ್ರವಾಸಿ ತೆರಿಗೆ, ಕೆಲವೆಡೆ ನಾಯಿ ತೆರಿಗೆ. ಇವೆಲ್ಲ ಸೇರಿದರೂ ಆದಾಯದಲ್ಲಿ ಸಣ್ಣ ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಕೇಂದ್ರದಿಂದ ಬರಬೇಕು. ಬಜೆಟ್ಟಿನಲ್ಲಿ ಖರ್ಚು, ವರಮಾನ ಸರಿಹೊಂದದಿದ್ದರೆ ಪ್ರಾಂತ್ಯದ ಸರ್ಕಾರ ಬಂದು ಬಿಗಿಯಾಗಿ ಉಸ್ತುವಾರಿ ಮಾಡುತ್ತದೆ. ಕಾನೂನು ಕೊಟ್ಟ ಹಕ್ಕನ್ನು ಕತ್ತರಿಸುವಂತಿಲ್ಲ. ಹಾಗಾಗಿ ಕತ್ತರಿ ಬೀಳುವುದು ಕಾನೂನಿನ ರಕ್ಷಣೆ ಇಲ್ಲದ್ದಕ್ಕೆ: ಗ್ರಂಥಾಲಯ, ಈಜುಕೊಳ, ಬೀದಿಯ ಸಮುದಾಯ ಭವನ. ಮಕ್ಕಳು ಹಾಳಾಗದಂತೆ ತಡೆಯುವ ಜಾಗಗಳನ್ನು ಮುಚ್ಚಿ, ಹಾಳಾದ ಮೇಲಿನ ಚಿಕಿತ್ಸೆಗೆ ಬಿಲ್ಲು ಕಟ್ಟುವುದು. 2021ರಲ್ಲಿ ಮುನಿಸಿಪಾಲಿಟಿಗಳ ಒಕ್ಕೂಟ ಮತ್ತು ಕೇಂದ್ರದ ಜಗಳ ಮಧ್ಯಸ್ಥಿಕೆಗೆ ಹೋಯಿತು. ಮಕ್ಕಳ ಆರೈಕೆಗೆ ಮುಂದಿನ ಒಂದೇ ವರ್ಷಕ್ಕೆ 190 ಕೋಟಿ ಯೂರೋ ಹೆಚ್ಚುವರಿ ಕೊಡಬೇಕು ಅಂತ ಪಂಚರು ಹೇಳಿದರು. ಅದಾದ ಮೇಲೂ 2026ಕ್ಕೆ ಅನುದಾನ ಒಮ್ಮೆಲೇ ಕುಸಿಯುತ್ತದೆ ಅನ್ನುವ ಭಯ ವರ್ಷಗಟ್ಟಲೆ ಕಾಡಿತು. ಇಲ್ಲಿಯವರು ಅದಕ್ಕೆ 'ಕಮರಿಯ ವರ್ಷ' ಅಂತಲೇ ಹೆಸರಿಟ್ಟಿದ್ದರು.

ಕರ್ನಾಟಕದ ಓದುಗರಿಗೆ ಇದು ತಿರುವುಮುರುವಾಗಿ ಕಾಣಬಹುದು. ನಮ್ಮಲ್ಲಿ ಸಂಧ್ಯಾ ಸುರಕ್ಷಾ ಪಿಂಚಣಿಗೆ ಅರ್ಜಿ ಹೋಗುವುದು ನಾಡಕಚೇರಿಗೆ, ಮಂಜೂರಾತಿ ಕಂದಾಯ ಇಲಾಖೆಯದು. ಪಂಚಾಯಿತಿಯವರು ಹೆಚ್ಚೆಂದರೆ ಓಡಾಡಿಕೊಡಬಹುದು. ಹೊಣೆಯನ್ನೇ ಕೊಡದಿರುವುದು ಅಲ್ಲಿಯ ಸಮಸ್ಯೆ. ಇಲ್ಲಿ ಹೊಣೆ ಪೂರ್ತಿ ಕೊಟ್ಟರು, ಲಗಾಮು ತಾವೇ ಇಟ್ಟುಕೊಂಡರು.

ಇಂಥ ಜಾಗದಲ್ಲಿ ನಾಯಕರು ಏನು ಮಾಡಬಲ್ಲರು? ಮೇಯರ್ ಹೆಸರು ಹೊರಗೆ ದೊಡ್ಡದು. ಆದರೆ ಅವರನ್ನು ನೇಮಿಸುವುದು ದೊರೆಯ ಆಜ್ಞೆ, ಕೌನ್ಸಿಲ್ ಶಿಫಾರಸಿನ ಮೇಲೆ, ಆರು ವರ್ಷಕ್ಕೆ. ಅವರ ಮುಖ್ಯ ಕೆಲಸ ಊರಿನ ಶಾಂತಿ ಸುವ್ಯವಸ್ಥೆ. ಆರೈಕೆಯ ಭಾರ ಹೊರುವವರು ವೆಟ್‌ಹೌಡರ್ ಅನ್ನುವ, ಕೌನ್ಸಿಲ್ ಆರಿಸಿದ, ಊರ ಮಟ್ಟದ ಮಂತ್ರಿಗಳು. ಬೀದಿಯಲ್ಲಿ ಇವರ ಗುರುತು ಎಷ್ಟೋ ಜನರಿಗೆ ಸಿಗುವುದಿಲ್ಲ. 2022ರ ಊರ ಚುನಾವಣೆಯಲ್ಲಿ ಮತ ಹಾಕಿದವರು ಶೇ. 51. ಸಂಸತ್ ಚುನಾವಣೆಗೆ ಮುಕ್ಕಾಲು ಪಾಲಿಗೂ ಜಾಸ್ತಿ ಜನ ಬರುತ್ತಾರೆ.

ನಾನು ಕಂಡ ಚುರುಕಾದ ವೆಟ್‌ಹೌಡರ್‌ಗಳು ಪತ್ರಿಕೆಯಲ್ಲಿ ಹೇಗ್ ಮೇಲೆ ಹರಿಹಾಯುವುದಕ್ಕಿಂತ, ಸಹಿ ಹಾಕುವವರ ಪಕ್ಕ ಒಂದು ಕುರ್ಚಿ ಹಾಕುವ ದಾರಿ ಹಿಡಿದರು. ಡಾಕ್ಟರ ಕ್ಲಿನಿಕ್ಕಿನಲ್ಲೇ ಮಕ್ಕಳ ಸಮಸ್ಯೆ ಬಲ್ಲ ಒಬ್ಬರನ್ನು ಮುನಿಸಿಪಾಲಿಟಿ ಸಂಬಳದ ಮೇಲೆ ಕೂರಿಸುವುದು ಈಗ ಬಹಳ ಕಡೆ ಇದೆ. ಡಾಕ್ಟರಿಗೆ ಸಮಯವಿಲ್ಲ, ಈ ವ್ಯಕ್ತಿಗೆ ಇದೆ. ಅವರು ಹುಡುಗಿ ಜೊತೆ ನಾಲ್ಕಾರು ಸಲ ಕೂತು ಮಾತಾಡುತ್ತಾರೆ, ಶಾಲೆಗೆ ಫೋನ್ ಮಾಡುತ್ತಾರೆ. ಎಷ್ಟೋ ಸಲ ಮನೋವೈದ್ಯರ ಚೀಟಿ ಬೇಕಾಗುವುದೇ ಇಲ್ಲ. ಡಾಕ್ಟರ ಹಕ್ಕನ್ನು ಯಾರೂ ಮುಟ್ಟಲಿಲ್ಲ, ಆದರೂ ಬಿಲ್ಲು ಇಳಿಯಿತು. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಸೇವೆಯನ್ನು ಇಡೀ ಊರಿಗೆ ಒಟ್ಟಾಗಿ ಏರ್ಪಾಡು ಮಾಡಿ, ಮನೆಗೆಲಸದ ಗಂಟೆ ಉಳಿಸಿದ ಮುನಿಸಿಪಾಲಿಟಿಗಳೂ ಇವೆ.

ಕೆಲಸವಿಲ್ಲದವರ ಭತ್ಯೆಯ ವಿಷಯದಲ್ಲಿ ಜಾಗ ಇನ್ನೂ ಇಕ್ಕಟ್ಟು, ಮೊತ್ತವನ್ನೂ ಹೇಗ್ ನಿಗದಿ ಮಾಡುತ್ತದೆ. ಆದರೂ ಮನಸ್ಸು ಬೇಕು ಅಷ್ಟೇ. 2017ರಿಂದ ಖ್ರೋನಿಂಗನ್, ಉಟ್ರೆಕ್ಟ್, ಟಿಲ್ಬರ್ಗ್ ಮುಂತಾದ ಊರುಗಳು ಅನುಮತಿ ಪಡೆದು ಒಂದು ಪ್ರಯೋಗ ಮಾಡಿದವು. ಕೆಲವು ಜನರಿಗೆ 'ಕೆಲಸಕ್ಕೆ ಇಷ್ಟು ಅರ್ಜಿ ಹಾಕಲೇಬೇಕು' ಅನ್ನುವ ಕಡ್ಡಾಯ ತೆಗೆದರು. ಯಾರೂ ಸೋಮಾರಿಗಳಾಗಲಿಲ್ಲ. ಕೆಲಸ ಹಿಡಿದವರ ಪ್ರಮಾಣ, ಬಿಗಿ ನಿಯಮದಲ್ಲಿದ್ದವರಿಗಿಂತ ಕಡಿಮೆಯಾಗಲಿಲ್ಲ. ಇದರ ಎದುರು ವೈಡೆಮೆರೆನ್ ಅನ್ನುವ ಊರನ್ನು ಇಟ್ಟು ನೋಡಿ. ತಾಯಿ ತಂದುಕೊಡುತ್ತಿದ್ದ ದಿನಸಿ ಸಾಮಾನಿನ ಮಾಹಿತಿ ಕೊಡಲಿಲ್ಲ ಅಂತ ಭತ್ಯೆಯಲ್ಲಿದ್ದ ಮಹಿಳೆಯೊಬ್ಬರಿಂದ ಸುಮಾರು 7,000 ಯೂರೋ ವಾಪಸ್ ಕೇಳಿದ್ದು 2020ರ ಕೊನೆಗೆ ದೇಶದ ಸುದ್ದಿಯಾಯಿತು. ಎರಡೂ ಕಡೆ ಒಂದೇ ಕಾನೂನು.

ಇಲ್ಲಿಯ ವೃದ್ಧಾಪ್ಯ ಪಿಂಚಣಿಯ ಹೆಸರು ಬಂದರೆ ಜನ ನೆನೆಯುವುದು ವಿಲ್ಲೆಮ್ ಡ್ರೇಸ್ ಅವರನ್ನು. 1947ರ ತುರ್ತು ಪಿಂಚಣಿ ಕಾನೂನು ಅವರದೇ. ಪ್ರಧಾನಿಯಾಗುವ ಬಹಳ ಮುಂಚೆ ಅವರು ಹೇಗ್ ನಗರದಲ್ಲಿ ವೆಟ್‌ಹೌಡರ್ ಆಗಿದ್ದರು. 1919ರಿಂದ ಸಾಮಾಜಿಕ ವಿಷಯ, ಕೊನೆಯ ವರ್ಷಗಳಲ್ಲಿ ಹಣಕಾಸು. ಬಡವರ ಅರ್ಜಿ ಮತ್ತು ಊರಿನ ಖಜಾನೆ ಎರಡನ್ನೂ ಅವರು ಒಳಗಿಂದ ಕಂಡಿದ್ದರು. ಅಂಥವರೇ ಮುಂದೆ ಪಿಂಚಣಿಯನ್ನು ಊರಿಗೆ ಬಿಡದೆ ದೇಶದ ಮಟ್ಟಕ್ಕೆ ಒಯ್ದರು ಅನ್ನುವುದನ್ನು ಗಮನಿಸಿ.

ಹಾಗಾಗಿ ಊರುಗಳಿಗೆ ದೊಡ್ಡ ತೆರಿಗೆಯ ಅಧಿಕಾರ ಕೊಟ್ಟುಬಿಡಿ ಅನ್ನುವ ಗೆಳೆಯರ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹಾರ್ಲೆಮ್ ಪಕ್ಕದ ಬ್ಲೂಮೆಂಡಾಲ್‌ನಲ್ಲಿ ಮನೆಗಳ ಬೆಲೆ ದೇಶದಲ್ಲೇ ದುಬಾರಿ ಸಾಲಿನದು. ದಕ್ಷಿಣದ ಹೇರ್ಲೆನ್ ಕಲ್ಲಿದ್ದಲು ಗಣಿಗಳ ಊರಾಗಿತ್ತು, 1974ರ ಹೊತ್ತಿಗೆ ಸುತ್ತಲಿನ ಗಣಿಗಳೆಲ್ಲ ಮುಚ್ಚಿದವು. ಅಲ್ಲಿ ಮನೆ ಅಗ್ಗ, ಕಾಯಿಲೆ ಜಾಸ್ತಿ, ನೆರವು ಬೇಕಾದವರೂ ಜಾಸ್ತಿ. ಮನೆ ತೆರಿಗೆಯಿಂದಲೇ ಆರೈಕೆ ನಡೆಸು ಅಂದರೆ ಹೇರ್ಲೆನ್ ಎಲ್ಲಿಂದ ತರಬೇಕು? ನೆರವು ಹೇಗೆ ಕೊಡಬೇಕು ಅನ್ನುವುದು ಊರಿಗಿರಲಿ. ಹೇಗ್ ಹೊಸ ಹಕ್ಕು ಕೊಟ್ಟರೆ, ಅಥವಾ ಬೆಲೆ ಇಳಿಸಿದರೆ, ಅದರ ಖರ್ಚನ್ನು ಕೇಂದ್ರವೇ ಆ ವರ್ಷವೇ ಕಟ್ಟಲಿ. ಡಾಕ್ಟರ ಚೀಟಿಯ ಬಿಲ್ಲನ್ನು ಊರು ಮತ್ತು ಆರೋಗ್ಯ ವಿಮೆ ಹಂಚಿಕೊಳ್ಳಲಿ. ಆಗ ಡಾಕ್ಟರ ಪಕ್ಕದ ಆ ಕುರ್ಚಿಯ ಸಂಬಳಕ್ಕೆ ವಿಮಾ ಕಂಪನಿಯೂ ಕೈ ಜೋಡಿಸಬೇಕಾಗುತ್ತದೆ, ಉಳಿತಾಯದಲ್ಲಿ ಅದಕ್ಕೂ ಪಾಲು ಇರುತ್ತದಲ್ಲ.