ಓದುಗರ ಪ್ರಶ್ನೆ: ಲಾಲ್‌ಬಾಗ್ ಗಾಜಿನ ಮನೆಯ ‘ಒರಿಜಿನಲ್’ ಈಗ ಎಲ್ಲಿದೆ?

ಪ್ರಶ್ನೆ: ಲಾಲ್‌ಬಾಗ್‌ನ ಗಾಜಿನ ಮನೆಯನ್ನು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ನೋಡಿ ಕಟ್ಟಿದ್ದು ಅಂತ ಎಲ್ಲ ಕಡೆ ಬರೆದಿರುತ್ತಾರೆ. ಲಂಡನ್‌ಗೆ ಹೋದಾಗ ನೋಡಿಕೊಂಡು ಬರೋಣ ಅಂತ ಮ್ಯಾಪ್‌ನಲ್ಲಿ ಹುಡುಕಿದರೆ ಒಂದು ರೈಲ್ವೆ ಸ್ಟೇಷನ್, ಒಂದು ಪಾರ್ಕು, ಒಂದು ಫುಟ್‌ಬಾಲ್ ಕ್ಲಬ್ ಸಿಗುತ್ತದೆ. ಪ್ಯಾಲೇಸ್ ಮಾತ್ರ ಕಾಣಿಸುವುದಿಲ್ಲ. ಎಲ್ಲಿದೆ ಅದು?

ಎಲ್ಲೂ ಇಲ್ಲ. ಸುಟ್ಟುಹೋಯಿತು. 1936ರ ನವೆಂಬರ್ 30ರ ರಾತ್ರಿ, ಕೆಲವೇ ಗಂಟೆಗಳಲ್ಲಿ.

ಫ್ಲವರ್ ಶೋ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಇಷ್ಟು ಹೇಳಿ ಸುಮ್ಮನಾದರೆ ಉತ್ತರ ಅರ್ಧವೂ ಆಗುವುದಿಲ್ಲ. ಯಾಕೆಂದರೆ ಅದು ಅರಮನೆಯೇ ಅಲ್ಲ, ಒಬ್ಬ ರಾಜನೂ ಅದರಲ್ಲಿ ವಾಸ ಮಾಡಲಿಲ್ಲ. ಆರು ತಿಂಗಳ ಒಂದು ಎಗ್ಜಿಬಿಷನ್‌ಗೆ ಹಾಕಿದ ಚಪ್ಪರ ಅದು. ಕಬ್ಬಿಣ ಮತ್ತು ಗಾಜಿನ ಚಪ್ಪರ, ಅಷ್ಟೇ ವ್ಯತ್ಯಾಸ.

ಆ ಎಗ್ಜಿಬಿಷನ್ 1851ರ ಮೇ 1ರಿಂದ ಅಕ್ಟೋಬರ್‌ವರೆಗೆ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆಯಿತು. ಹೆಸರು ‘ಗ್ರೇಟ್ ಎಗ್ಜಿಬಿಷನ್’. ಈಗ ನಾವು ಎಕ್ಸ್‌ಪೋ, ವಿಶ್ವ ಮೇಳ ಅನ್ನುತ್ತೇವಲ್ಲ, ಆ ಸಾಲಿನಲ್ಲಿ ಮೊದಲನೆಯದು ಅಂತ ಇದನ್ನೇ ಎಣಿಸುತ್ತಾರೆ. ಅದಕ್ಕೂ ಮೊದಲು ಫ್ರಾನ್ಸಿನವರು ಪ್ಯಾರಿಸ್‌ನಲ್ಲಿ ಇಂಥ ಮೇಳಗಳನ್ನು ಮಾಡುತ್ತಿದ್ದರು, ಆದರೆ ಅಲ್ಲಿ ಇಡುತ್ತಿದ್ದದ್ದು ಬರೀ ಅವರ ದೇಶದ ಸಾಮಾನು. 1849ರಲ್ಲಿ ಅದನ್ನು ನೋಡಿಬಂದ ಹೆನ್ರಿ ಕೋಲ್ ಅನ್ನುವ ಸರ್ಕಾರಿ ಅಧಿಕಾರಿಗೆ, ನಾವು ಎಲ್ಲ ದೇಶದವರನ್ನೂ ಯಾಕೆ ಕರೆಯಬಾರದು ಅನ್ನಿಸಿತು. ವಿಕ್ಟೋರಿಯಾ ರಾಣಿಯ ಗಂಡ ಪ್ರಿನ್ಸ್ ಆಲ್ಬರ್ಟ್ ಬೆನ್ನಿಗೆ ನಿಂತರು. ಹಾಗೆ ಶುರುವಾಯಿತು.

ತೊಂದರೆ ಬಂದದ್ದು ಕಟ್ಟಡದ ವಿಷಯದಲ್ಲಿ. ಸ್ಪರ್ಧೆ ಕರೆದರೆ 245 ನಕ್ಷೆಗಳು ಬಂದವು. ಸಮಿತಿ ಒಂದನ್ನೂ ಒಪ್ಪಲಿಲ್ಲ. ಎಲ್ಲವನ್ನೂ ಬದಿಗಿಟ್ಟು ತಾವೇ ಒಂದು ನಕ್ಷೆ ಬರೆದರು. ಕೋಟಿಗೂ ಜಾಸ್ತಿ ಇಟ್ಟಿಗೆ ಬೇಡುವ ಭಾರಿ ಕಟ್ಟಡ, ಮೇಲೊಂದು ದೊಡ್ಡ ಗುಮ್ಮಟ ಬೇರೆ. ಆರು ತಿಂಗಳ ಮೇಳಕ್ಕೆ ಪಾರ್ಕಿನಲ್ಲಿ ಇಷ್ಟೊಂದು ಇಟ್ಟಿಗೆ ಪೇರಿಸಿದರೆ ಆಮೇಲೆ ತೆಗೆಯುವವರು ಯಾರು ಅಂತ ಜನ ಗಲಾಟೆ ಎಬ್ಬಿಸಿದರು. ಮೇಳ ಶುರುವಾಗಲು ಉಳಿದಿದ್ದದ್ದು ಒಂದು ವರ್ಷವೂ ಇಲ್ಲ.

ಆಗ ಬಂದವನು ಜೋಸೆಫ್ ಪ್ಯಾಕ್ಸ್‌ಟನ್. ಆರ್ಕಿಟೆಕ್ಟ್ ಅಲ್ಲ, ಎಂಜಿನಿಯರ್ ಅಲ್ಲ, ತೋಟದ ಮಾಲಿಯಾಗಿ ಮೇಲೆ ಬಂದವನು. ಚಾಟ್ಸ್‌ವರ್ತ್‌ನಲ್ಲಿ ಡೆವನ್‌ಶೈರ್ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ. ದಕ್ಷಿಣ ಅಮೆರಿಕದ ದೈತ್ಯ ನೈದಿಲೆ ಇದೆಯಲ್ಲ, ನಡು ಮನೆಯಷ್ಟು ಅಗಲದ ಎಲೆಯದ್ದು, ಅದು ಬ್ರಿಟನ್ನಿನಲ್ಲಿ ಮೊದಲು ಹೂ ಬಿಟ್ಟದ್ದು ಇವನ ಕೈಯಲ್ಲಿ, 1849ರಲ್ಲಿ. ತನ್ನ ಪುಟ್ಟ ಮಗಳನ್ನು ಆ ಎಲೆಯ ಮೇಲೆ ನಿಲ್ಲಿಸಿ ನೋಡಿದ, ಎಲೆ ಮುಳುಗಲಿಲ್ಲ. ಎಲೆಯ ಅಡಿಯಲ್ಲಿ ಮಧ್ಯದಿಂದ ಹೊರಟ ದಪ್ಪ ನರಗಳು, ಅವನ್ನು ಅಡ್ಡಕ್ಕೆ ಹಿಡಿದಿಟ್ಟ ಸಣ್ಣ ನರಗಳು. ಭಾರ ಹೊರುವುದು ಹೇಗೆ ಅನ್ನುವುದನ್ನು ಆ ಎಲೆಯೇ ಕಲಿಸಿತು ಅಂತ ಅವನೇ ಮುಂದೆ ಹೇಳಿಕೊಂಡ. ಆ ಗಿಡಕ್ಕೆ ಅಂತಲೇ ಅವನು ಕಟ್ಟಿದ ಗಾಜಿನ ಮನೆ ಮುಂದಿನ ಕೆಲಸಕ್ಕೆ ಮಾದರಿಯಾಯಿತು.

1850ರ ಜೂನ್ 11ರಂದು ಡಾರ್ಬಿಯಲ್ಲಿ ರೈಲ್ವೆ ಕಂಪನಿಯ ಮೀಟಿಂಗ್‌ನಲ್ಲಿ ಕೂತಿದ್ದಾಗ, ಶಾಯಿ ಹೀರುವ ಬ್ಲಾಟಿಂಗ್ ಪೇಪರ್ ಮೇಲೆ ಪ್ಯಾಕ್ಸ್‌ಟನ್ ಒಂದು ಚಿತ್ರ ಗೀಚಿದ. (ಮೀಟಿಂಗ್‌ನಲ್ಲಿ ಗೀಚುವವರನ್ನು ಇನ್ನು ಮುಂದೆ ಬೈಯಬಾರದು.) ಆ ಕಾಗದ ಈಗಲೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಕೆಲವೇ ದಿನಗಳಲ್ಲಿ ಪೂರ್ತಿ ನಕ್ಷೆ ತಯಾರಾಯಿತು, ಸಮಿತಿ ಒಪ್ಪುವ ಮೊದಲೇ ಪತ್ರಿಕೆಯಲ್ಲಿ ಅಚ್ಚಾಗಿ ಜನಕ್ಕೆ ಹಿಡಿಸಿಬಿಟ್ಟಿತು. ಇನ್ನು ಸಮಿತಿ ಬೇಡ ಅನ್ನುವುದು ಹೇಗೆ?

ಈ ಕಟ್ಟಡದ ಗುಟ್ಟು ಏನೆಂದರೆ, ಅದನ್ನು ಕಟ್ಟಲಿಲ್ಲ, ಜೋಡಿಸಿದರು. ಉದ್ದ 1,848 ಅಡಿ, ಅಂದರೆ ಅರ್ಧ ಕಿಲೋಮೀಟರಿಗೂ ಜಾಸ್ತಿ. ಗಾಜು ಸುಮಾರು 3 ಲಕ್ಷ ಹಾಳೆ. ಆದರೆ ಎಲ್ಲ ಭಾಗಗಳೂ ಒಂದೇ ಅಳತೆಗೆ ಬದ್ಧ. ಕಂಬದಿಂದ ಕಂಬಕ್ಕೆ 24 ಅಡಿ, ಇಲ್ಲವೇ ಅದರ ಎರಡರಷ್ಟು, ಮೂರರಷ್ಟು. ತೊಲೆ, ಕಂಬ, ಗಾಜು ಎಲ್ಲ ಬೇರೆ ಬೇರೆ ಊರಿನ ಕಾರ್ಖಾನೆಗಳಲ್ಲಿ ತಯಾರಾಗಿ ರೈಲಿನಲ್ಲಿ ಬಂದವು, ಇಲ್ಲಿ ಬೋಲ್ಟು ಬಿಗಿದರು. ಕಂಬಗಳ ಒಳಗೆ ಟೊಳ್ಳು, ಚಾವಣಿಯ ಮಳೆ ನೀರು ಅದರೊಳಗಿಂದಲೇ ಇಳಿದು ಹೋಗುತ್ತಿತ್ತು. ಗಾಜು ಕೂರಿಸುವವರು ಚಕ್ರದ ಗಾಡಿಯಲ್ಲಿ ಕೂತು ಚಾವಣಿಯ ಕಾಲುವೆಯ ಮೇಲೇ ಉರುಳಿಕೊಂಡು ಹೋಗುತ್ತ ಕೆಲಸ ಮಾಡಿದರು. ಇಷ್ಟು ತೆಳ್ಳಗಿರುವುದು ಜನದ ಭಾರಕ್ಕೆ ಕುಸಿದರೆ ಅನ್ನುವ ಹೆದರಿಕೆ ಇತ್ತಲ್ಲ, ಅದಕ್ಕೆ ಸೈನಿಕರನ್ನು ಕರೆಸಿ ಮೇಲ್ಮಹಡಿಯ ಮಾದರಿಯ ಮೇಲೆ ಲೆಫ್ಟ್ ರೈಟ್ ಹಾಕಿಸಿ ಪರೀಕ್ಷೆ ಮಾಡಿದರು. ಪಾರ್ಕಿನ ದೊಡ್ಡ ಎಲ್ಮ್ ಮರಗಳನ್ನು ಕಡಿಯಬಾರದು ಅಂತ ಒತ್ತಡ ಬಂದಾಗ ನಡುವೆ ಎತ್ತರದ ಕಮಾನು ಚಾವಣಿ ಏರಿಸಿ ಮರಗಳನ್ನು ಒಳಗೇ ಬಿಟ್ಟುಕೊಂಡರು. ರಸ್ತೆ ಅಗಲ ಮಾಡುವಾಗ ನಮ್ಮವರಿಗೆ ಇದನ್ನು ತೋರಿಸಬೇಕು ಅನ್ನಿಸುತ್ತದೆ.

ಒಳಗೆ ಏನಿತ್ತು ಅಂದರೆ, ಏನಿರಲಿಲ್ಲ ಅನ್ನುವುದೇ ಸುಲಭ. ಒಂದು ಲಕ್ಷದಷ್ಟು ವಸ್ತುಗಳು. ಉಗಿ ಯಂತ್ರ, ಕೊಯ್ಲಿನ ಯಂತ್ರ, ರಿವಾಲ್ವರ್, ಬೀಗ, 27 ಅಡಿ ಎತ್ತರದ ಗಾಜಿನ ಕಾರಂಜಿ. ಭಾರತದ ವಿಭಾಗವನ್ನು ಹೊಂದಿಸಿದ್ದು ಈಸ್ಟ್ ಇಂಡಿಯಾ ಕಂಪನಿ. ತಿರುವಾಂಕೂರಿನ ರಾಜರು ರಾಣಿಗೆ ಕಳಿಸಿದ ದಂತದ ಸಿಂಹಾಸನ ಅಲ್ಲಿತ್ತು. ಬಂಗಾಳದಿಂದ ಬಂದ ಅಂಬಾರಿಯೂ ಇತ್ತು. ಅಂಬಾರಿ ಬಂತು, ಹೊರುವುದಕ್ಕೆ ಆನೆ? ಹುಡುಕಿ ಹುಡುಕಿ ಕೊನೆಗೆ ಇಂಗ್ಲೆಂಡಿನದೇ ಒಂದು ಊರಿನ ಮ್ಯೂಸಿಯಂನಿಂದ ಹುಲ್ಲು ತುಂಬಿದ ಆನೆ ತಂದು ನಿಲ್ಲಿಸಿದರು. ಅದು ಆಫ್ರಿಕದ ಆನೆ! ಮೈಸೂರು ದಸರಾ ನೋಡಿದ ಯಾವ ಮಗುವಾದರೂ ಕಿವಿ ನೋಡಿಯೇ ಹೇಳಿಬಿಡುತ್ತಿತ್ತು.

ಕೊಹಿನೂರ್ ಕೂಡ ಇತ್ತು. ಎರಡು ವರ್ಷ ಹಿಂದಷ್ಟೇ, ಪಂಜಾಬನ್ನು ನುಂಗಿದಾಗ ಬಾಲಕ ಮಹಾರಾಜ ದುಲೀಪ್ ಸಿಂಗನಿಂದ ಕಿತ್ತುಕೊಂಡದ್ದು. ಪಂಜರದೊಳಗೆ ಇಟ್ಟಿದ್ದ ಅದನ್ನು ನೋಡಲು ನೂಕುನುಗ್ಗಲು, ನೋಡಿದವರಿಗೆ ನಿರಾಸೆ. ಹಳೆಯ ಮೊಘಲ್ ರೀತಿಯಲ್ಲಿ ಕತ್ತರಿಸಿದ ಕಲ್ಲು, ಅಂದುಕೊಂಡಷ್ಟು ಹೊಳೆಯಲಿಲ್ಲ. ಗ್ಯಾಸ್ ದೀಪ ಹಚ್ಚಿಟ್ಟರೂ ಅಷ್ಟಕ್ಕಷ್ಟೇ. ಮರುವರ್ಷ ಅದನ್ನು ಮತ್ತೆ ಕತ್ತರಿಸಿದರು, ಸುಮಾರು 186 ಕ್ಯಾರೆಟ್ ಇದ್ದದ್ದು 105.6ಕ್ಕೆ ಇಳಿಯಿತು. ಮೇಳದಲ್ಲಿ ಜನ ಮೂಗು ಮುರಿಯದೆ ಇದ್ದಿದ್ದರೆ ಅಷ್ಟು ಕಲ್ಲು ಉಳಿಯುತ್ತಿತ್ತೇನೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಮೊದಲಿಗೆ ಟಿಕೆಟ್ ದುಬಾರಿ ಇತ್ತು. ಮೇ ತಿಂಗಳ ಕೊನೆಯಲ್ಲಿ ಸೋಮವಾರದಿಂದ ಗುರುವಾರದವರೆಗೆ ಒಂದು ಶಿಲ್ಲಿಂಗ್ ಅಂತ ಮಾಡಿದರು. ಬಡವರು ನುಗ್ಗಿ ದೊಂಬಿ ಮಾಡುತ್ತಾರೆ ಅಂತ ದೊಡ್ಡವರು ಹೆದರಿದ್ದರು. ಏನೂ ಆಗಲಿಲ್ಲ. ಹಳ್ಳಿಯವರು, ಕಾರ್ಖಾನೆಯವರು ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಬಂದರು, ನೋಡಿದರು, ಹೋದರು. ಥಾಮಸ್ ಕುಕ್ ಒಬ್ಬನೇ ಒಂದೂವರೆ ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದ. ಇವತ್ತಿನ ಪ್ಯಾಕೇಜ್ ಟೂರ್‌ನ ಬೇರು ಹುಡುಕಿದರೆ ಅಲ್ಲಿಗೂ ಹೋಗುತ್ತದೆ. ಒಂದು ಪೆನ್ನಿ ಕೊಟ್ಟು ಬಳಸುವ ಸಾರ್ವಜನಿಕ ಶೌಚಾಲಯವನ್ನು ಅಲ್ಲಿ ಇಟ್ಟಿದ್ದರು, ಅದರ ಲೆಕ್ಕವನ್ನೂ ಬಿಡದೆ ಬರೆದಿಟ್ಟಿದ್ದಾರೆ: 8,27,280 ಜನ. ಒಟ್ಟು ಭೇಟಿ 60 ಲಕ್ಷ ದಾಟಿತು. ಖರ್ಚೆಲ್ಲ ಕಳೆದು ಉಳಿದ ಲಾಭ 1,86,000 ಪೌಂಡ್. ಆ ಕಾಲಕ್ಕೆ ಭಾರಿ ದುಡ್ಡು.

ಈ ದುಡ್ಡಿನ ಕಥೆ ಕಟ್ಟಡದ ಕಥೆಗಿಂತ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಹಂಚಿಕೊಂಡು ತಿನ್ನಲಿಲ್ಲ. ಸೌತ್ ಕೆನ್ಸಿಂಗ್ಟನ್‌ನಲ್ಲಿ 87 ಎಕರೆ ಜಮೀನು ಕೊಂಡರು. ಇವತ್ತು ಲಂಡನ್‌ಗೆ ಹೋದವರು ನೋಡುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ, ಸೈನ್ಸ್ ಮ್ಯೂಸಿಯಂ, ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ, ರಾಯಲ್ ಆಲ್ಬರ್ಟ್ ಹಾಲ್, ಇಂಪೀರಿಯಲ್ ಕಾಲೇಜು ಎಲ್ಲ ಎದ್ದದ್ದು ಅಲ್ಲೇ. ಮೇಳ ನಡೆಸಿದ ಆಯೋಗವನ್ನು ಮುಚ್ಚಲೇ ಇಲ್ಲ, ಅದು ಈಗಲೂ ಇದೆ. 1891ರಿಂದ ವಿಜ್ಞಾನ ಓದುವವರಿಗೆ ಸ್ಕಾಲರ್‌ಶಿಪ್ ಕೊಡಲು ಶುರುಮಾಡಿತು. ನ್ಯೂಜಿಲೆಂಡಿನ ಹುಡುಗ ಅರ್ನೆಸ್ಟ್ ರುದರ್‌ಫೋರ್ಡ್ 1895ರಲ್ಲಿ ಕೇಂಬ್ರಿಜ್‌ಗೆ ಹೋದದ್ದು ಇದೇ ದುಡ್ಡಿನಲ್ಲಿ. 1930ರ ದಶಕದಲ್ಲಿ ಹೋಮಿ ಭಾಭಾ ಅವರಿಗೂ ಸಿಕ್ಕಿತು. 1939ರಲ್ಲಿ ಅವರು ರಜೆಗೆ ಭಾರತಕ್ಕೆ ಬಂದಿದ್ದಾಗ ಯುದ್ಧ ಶುರುವಾಯಿತು, ವಾಪಸ್ ಹೋಗಲಾಗಲಿಲ್ಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ (ಅಂದರೆ ಐಐಎಸ್‌ಸಿ) ಸೇರಿದರು, ಆಗ ಅಲ್ಲಿ ಸಿ.ವಿ. ರಾಮನ್ ಇದ್ದರು. ಲಾಲ್‌ಬಾಗ್ ಬಿಟ್ಟರೆ ಆ ಮೇಳಕ್ಕೂ ಬೆಂಗಳೂರಿಗೂ ಇರುವ ಇನ್ನೊಂದು ಎಳೆ ಇದು.

ಸರಿ, ಕಟ್ಟಡ ಏನಾಯಿತು? ಮೇಳ ಮುಗಿದ ಮೇಲೆ ಪಾರ್ಕ್ ಖಾಲಿ ಮಾಡುತ್ತೇವೆ ಅಂತ ಮೊದಲೇ ಮಾತು ಕೊಟ್ಟಿದ್ದರು. ಬೋಲ್ಟು ಹಾಕಿ ಜೋಡಿಸಿದ್ದಲ್ಲವೇ, ಬಿಚ್ಚಿದರು. ಪ್ಯಾಕ್ಸ್‌ಟನ್ ಮತ್ತು ಜೊತೆಯವರು ಕಂಪನಿ ಕಟ್ಟಿ ಅದನ್ನು ಕೊಂಡು, ಲಂಡನ್ನಿನ ದಕ್ಷಿಣಕ್ಕೆ ಸಿಡನ್‌ಹ್ಯಾಮ್ ಗುಡ್ಡದ ಮೇಲೆ ಮತ್ತೆ ಜೋಡಿಸಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇನ್ನೂ ದೊಡ್ಡದು ಮಾಡಿದರು, ಕಾರಂಜಿಗಳನ್ನು ಹಾಕಿದರು, ಕಾರಂಜಿಗೆ ನೀರು ಏರಿಸಲು ಎರಡು ಗೋಪುರ ಎಬ್ಬಿಸಿದರು. 1854ರ ಜೂನ್‌ನಲ್ಲಿ ರಾಣಿಯೇ ಬಂದು ಉದ್ಘಾಟಿಸಿದರು. ಸಾಲದ ಹೊರೆ ಮಾತ್ರ ಮತ್ತೆಂದೂ ಇಳಿಯಲಿಲ್ಲ. ದುಡಿಯುವವರಿಗೆ ಬಿಡುವಿರುವುದು ಭಾನುವಾರ, ಧರ್ಮದ ನೆಪದಲ್ಲಿ ಬಹಳ ಕಾಲ ಭಾನುವಾರವೇ ಬಾಗಿಲು ಮುಚ್ಚಿರುತ್ತಿತ್ತು. ವ್ಯಾಪಾರ ಹೇಗೆ ಆಗಬೇಕು? 1866ರಲ್ಲಿ ಒಂದು ಕಡೆಯ ಭಾಗಕ್ಕೆ ಬೆಂಕಿ ಬಿತ್ತು, ಅದನ್ನು ಮತ್ತೆ ಕಟ್ಟಲು ದುಡ್ಡಿರಲಿಲ್ಲ. ಸಂಗೀತ ಕಛೇರಿ, ಹಗ್ಗದ ಮೇಲೆ ನಡಿಗೆ, ಪಟಾಕಿ ಪ್ರದರ್ಶನ, ನಾಯಿ ಪ್ರದರ್ಶನ ಎಲ್ಲ ಮಾಡಿ ನೋಡಿದರು. 1895ರಿಂದ 1914ರವರೆಗೆ ಎಫ್ಎ ಕಪ್ ಫೈನಲ್ ಪಂದ್ಯಗಳು ಅದರ ಮೈದಾನದಲ್ಲೇ ನಡೆದವು. ನಿಮ್ಮ ಮ್ಯಾಪ್‌ನಲ್ಲಿ ಕಂಡ ಫುಟ್‌ಬಾಲ್ ಕ್ಲಬ್ 1905ರಲ್ಲಿ ಹುಟ್ಟಿದ್ದೂ ಅಲ್ಲೇ, ಹೆಸರು ಬಂದದ್ದೂ ಹಾಗೆಯೇ. ಈಗ ಅವರು ಆಡುವ ಜಾಗ ಬೇರೆ.

ಬೆಂಕಿಯ ದಿನ ಅದರ ಮ್ಯಾನೇಜರ್ ಹೆನ್ರಿ ಬಕ್‌ಲ್ಯಾಂಡ್ ಸಂಜೆ ಮಗಳ ಜೊತೆ ನಾಯಿ ಕರೆದುಕೊಂಡು ವಾಕಿಂಗ್ ಹೊರಟಿದ್ದರು. ಮಗಳ ಹೆಸರು ಕ್ರಿಸ್ಟಲ್, ಅದೂ ಇದೇ ಕಟ್ಟಡದಿಂದ. ಒಳಗೆ ಕೆಂಪಗೆ ಏನೋ ಕಂಡಿತು. ಆಮೇಲೆ 89 ಅಗ್ನಿಶಾಮಕ ವಾಹನ, 400ಕ್ಕೂ ಹೆಚ್ಚು ಸಿಬ್ಬಂದಿ ಬಂದರೂ ಉಳಿಸಲಾಗಲಿಲ್ಲ. ಕಬ್ಬಿಣ, ಗಾಜು ಹೇಗೆ ಹೊತ್ತಿಕೊಂಡಿತು ಅಂತ ಕೇಳುತ್ತೀರಿ ಅಲ್ವಾ? ಹೆಸರಿಗೆ ಕಬ್ಬಿಣ ಗಾಜು, ಆದರೆ ನೆಲ ಪೂರ್ತಿ ಮರದ ಹಲಗೆ. ಗಾಜು ಹಿಡಿದಿಡುವ ಪಟ್ಟಿಗಳೂ ಮರದವೇ, ಹೈಡ್ ಪಾರ್ಕಿನ ಕಟ್ಟಡದಲ್ಲೇ ಇವು 200 ಮೈಲಿಗೂ ಹೆಚ್ಚು ಉದ್ದ ಇದ್ದವು. 80 ವರ್ಷ ಬಿಸಿಲಿಗೆ ಒಣಗಿದ ಮರ, ಮೇಲೆ ಗಾಳಿ ಬೇರೆ. ವಿಮೆ ಇದ್ದದ್ದು ಮತ್ತೆ ಕಟ್ಟಲು ಯಾವ ಮೂಲೆಗೂ ಸಾಲದಷ್ಟು. ಬೆಂಕಿ ಹೇಗೆ ಬಿತ್ತು ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ನೀರಿನ ಗೋಪುರಗಳು ಉಳಿದಿದ್ದವು, ಅವನ್ನೂ ಕೆಡವಿಹಾಕಿದರು.

ಇನ್ನು ನಮ್ಮದು. ಲಾಲ್‌ಬಾಗ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು ಪ್ರಿನ್ಸ್ ಆಲ್ಬರ್ಟ್ ವಿಕ್ಟರ್. ಲಂಡನ್ ಮೇಳ ಮಾಡಿಸಿದ ಆಲ್ಬರ್ಟ್‌ನ ಮೊಮ್ಮಗ. ದಿನ 1889ರ ನವೆಂಬರ್ 30. ತಾರೀಖು ನೋಡಿದಿರಾ? 47 ವರ್ಷದ ನಂತರ ಅದೇ ದಿನ ಲಂಡನ್ನಿನದು ಸುಟ್ಟಿತು. ಕಾಕತಾಳೀಯ ಅಷ್ಟೇ, ಆದರೂ ಮೊದಲು ಗಮನಿಸಿದಾಗ ಮೈ ಜುಂ ಅಂದಿತು. ಆಗ ಲಾಲ್‌ಬಾಗ್‌ನ ಮೇಲ್ವಿಚಾರಕರಾಗಿದ್ದವರು ಜಾನ್ ಕ್ಯಾಮರಾನ್. ಕಬ್ಬಿಣ ಎರಕ ಹೊಯ್ದು ಬಂದದ್ದು ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ, ಇದೂ ತಂದು ಜೋಡಿಸಿದ ಕಟ್ಟಡವೇ. ಹಾಗಂತ ನಕಲು ಅನ್ನಬೇಡಿ. ಅಳತೆಯಲ್ಲಿ ಅದರ ಒಂದು ಮೂಲೆಗೂ ಸಮ ಇಲ್ಲ. ರೀತಿ ಮಾತ್ರ ಆ ಮನೆತನದ್ದು. ಅಲ್ಲಿ ಗಿಡಕ್ಕೆ ಕಟ್ಟಿದ ಮನೆಯ ಯೋಚನೆ ಮೇಳಕ್ಕೆ ಹೋಯಿತು, ಇಲ್ಲಿ ಮೇಳದ ಕಟ್ಟಡದ ಯೋಚನೆ ವಾಪಸ್ ತೋಟಕ್ಕೆ ಬಂತು, ಆಮೇಲೆ ಆ ತೋಟದಲ್ಲೇ ಜನವರಿಗೊಮ್ಮೆ ಆಗಸ್ಟಿಗೊಮ್ಮೆ ಮತ್ತೆ ಮೇಳ.

ಲಂಡನ್‌ಗೆ ಹೋಗುವುದೇ ಆದರೆ ಆ ಪಾರ್ಕಿಗೆ ಹೋಗಿ, ಟಿಕೆಟ್ ಇಲ್ಲ. ಕಟ್ಟಡ ನಿಂತಿದ್ದ ಜಾಗದಲ್ಲಿ ಕಲ್ಲಿನ ಮೆಟ್ಟಿಲು, ಜಗಲಿ, ಸ್ಫಿಂಕ್ಸ್ ವಿಗ್ರಹಗಳು ಉಳಿದಿವೆ. ಕೆಳಗೆ ಕೆರೆಯ ಹತ್ತಿರ 1854ರ ಡೈನೋಸಾರ್ ಪ್ರತಿಮೆಗಳಿವೆ, ಮಕ್ಕಳಿದ್ದರೆ ಬಿಡಲೇಬೇಡಿ. ಅದರಲ್ಲಿ ಇಗ್ವಾನೊಡಾನ್ ಅನ್ನುವ ಪ್ರಾಣಿಗೆ ಮೂಗಿನ ಮೇಲೊಂದು ಕೊಂಬು ಕೂರಿಸಿದ್ದಾರೆ. ಸಿಕ್ಕ ಮೂಳೆ ಎಲ್ಲಿಯದು ಅಂತ ಆಗ ಗೊತ್ತಿರಲಿಲ್ಲ. ಅದು ಹೆಬ್ಬೆರಳಿನದು.